ಮುದ್ದೆಗೆ ನಕ್ಕವರು

ದೇವೇಗೌಡರು 1994ರಲ್ಲಿ ನಮ್ಮ ಸೀಮೆಯ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು. 1996ರ ಜೂನ್ 1ಕ್ಕೆ ಪ್ರಧಾನಿಯಾದರು. ವ್ಯಂಗ್ಯಚಿತ್ರಕಾರರಿಗೆ ಅವರಲ್ಲಿ ಕಂಡಿದ್ದೇನು? ಮುಚ್ಚಿದ ರೆಪ್ಪೆ, ವಾಲಿದ ತಲೆ. ಅದನ್ನೇ ಬರೆದರು, ಮತ್ತೆ ಮತ್ತೆ ಬರೆದರು. ಅದೇ ಡಿಸೆಂಬರಿನಲ್ಲಿ ಬಾಂಗ್ಲಾದೇಶದೊಡನೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದ್ದು, 1997ರ ಜನವರಿಯಲ್ಲಿ ಅಸ್ಸಾಮಿನ ಬೋಗಿಬೀಲ್ ಸೇತುವೆಗೆ ಅಡಿಗಲ್ಲು ಇಟ್ಟಿದ್ದು ಯಾರಿಗೆ ನೆನಪಿದೆ? ನಿದ್ದೆ ಮಾತ್ರ ಎಲ್ಲರಿಗೂ ನೆನಪಿದೆ.

ನಾನು ಗೌಡರ ಪಕ್ಷದವನಲ್ಲ. ಮಗ, ಸೊಸೆ, ಮೊಮ್ಮಕ್ಕಳವರೆಗೆ ಅಧಿಕಾರ ಹರಡಿದ ಆ ರಾಜಕಾರಣದ ಮೇಲೆ ನನಗೆ ಸಿಟ್ಟಿದೆ. ಅದನ್ನು ಗೀಚಿ, ಹರಿತವಾಗಿ ಗೀಚಿ. ಆದರೆ ನಿದ್ದೆಯ ಜೊತೆಗೆ ಅವರ ರಾಗಿ ಮುದ್ದೆಯನ್ನೂ ಎಳೆದು ತಂದು ನಕ್ಕರಲ್ಲ, ಆ ನಗು ಗೌಡರೊಬ್ಬರಿಗೆ ತಾಗಿದ್ದಲ್ಲ. ಕುದೂರು ಹೋಬಳಿಯಲ್ಲಿ ಮಳೆ ನಂಬಿ ರಾಗಿ ಬಿತ್ತುವವರಿಗೆ, ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದು, ಹೊಗೆಗೆ ಕಣ್ಣು ಕಿರಿದು ಮಾಡಿ, ಬೆವರಿಳಿಸುತ್ತ ಹಿಟ್ಟು ತೊಳಸುವ ಅವ್ವಂದಿರಿಗೆ ತಾಗಿತು. ಹಳ್ಳಿಯವನಿಗೆ ದಿಲ್ಲಿ ಯಾಕೆ ಎಂಬ ಸೊಕ್ಕು ಅದು.

ಇಂಥ ನಗು ಹೊಸದಲ್ಲ. 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಸಂವಿಧಾನವನ್ನು ಬಸವನಹುಳುವಾಗಿಸಿ, ಅದರ ಮೇಲೆ ಬಾಬಾಸಾಹೇಬ್ ಅಂಬೇಡ್ಕರರನ್ನು ಕೂರಿಸಿ, ಹಿಂದೆ ಚಾವಟಿ ಹಿಡಿದ ನೆಹರೂ ಅವರನ್ನು ನಿಲ್ಲಿಸಿದರು. ಅದು ಶಾಲೆಯ ಪುಸ್ತಕದಲ್ಲಿ ಬಂದು 2012ರಲ್ಲಿ ಸಂಸತ್ತೇ ಸಿಡಿಯಿತು. ಚಾವಟಿಯೇಟು ತಿಂದ ಬೆನ್ನುಗಳಿಗೆ ಆ ಚಿತ್ರ ಬೇರೆಯೇ ಆಗಿ ಕಾಣುತ್ತದೆ ಎಂಬುದು ಕೂತು ನಗುವವರಿಗೆ ಹೊಳೆಯಲೇ ಇಲ್ಲ. ನಿಷೇಧ ಬೇಡ. ಉತ್ತರ ಬೇಕು: ನಿಮ್ಮ ಕುಂಚ ಯಾರ ಕಡೆ?

ಪತ್ರಕರ್ತ ಲಂಕೇಶರಾದರೋ ಮುಖ್ಯಮಂತ್ರಿ ಗುಂಡೂರಾಯರನ್ನು ‘ಗುಂ’ ಎಂದು ಕರೆದರು. ಅವರ ಪತ್ರಿಕೆ ಶುರುವಾದ 1980ರ ಜುಲೈನಲ್ಲೇ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಗಿತ್ತು. ಆ ಅಡ್ಡಹೆಸರು ಕುರ್ಚಿಯ ದರ್ಪಕ್ಕೆ ಬಿದ್ದ ಏಟು. ಊಟಕ್ಕೂ ಹುಟ್ಟಿಗೂ ಅದು ಬೀಳಲಿಲ್ಲ. ಜನ ಅದನ್ನು ಬಾಯಲ್ಲಿ ಇಟ್ಟುಕೊಂಡರು, 1983ರಲ್ಲಿ ಆ ಸರ್ಕಾರವನ್ನು ಮನೆಗೆ ಕಳಿಸಿದರು.

ಈಗ ಬಿಡದಿಗೆ ಬನ್ನಿ. 2006ರಲ್ಲಿ ಗೌಡರ ಮಗ ಕುಮಾರಸ್ವಾಮಿಯವರ ಸರ್ಕಾರ ಅಲ್ಲಿ ಟೌನ್‌ಶಿಪ್ ಕಟ್ಟುತ್ತೇವೆ ಎಂದಿತು. ಈಗ ಅವರ ಪಕ್ಷವೇ ವಿರೋಧಿಸುತ್ತಿದೆ, ಡಿ.ಕೆ. ಶಿವಕುಮಾರ್ ಬೇಕೇ ಬೇಕು ಎನ್ನುತ್ತಾರೆ. ನಡುವೆ ಬೈರಮಂಗಲದ ರೈತರು ಭೂಮಿ ಕೊಡುವುದಿಲ್ಲ ಎಂದು ಬೀದಿಗೆ ಇಳಿದಿದ್ದಾರೆ. ಅದನ್ನು ಬರೆಯಿರಿ. ಯಾರ ಗಡ್ಡ, ಯಾರ ಹೊಟ್ಟೆ ಎಂದಲ್ಲ. ಯಾವ ವರ್ಷ ಯಾವ ಕೈ ಆ ಹೊಲಗಳ ನಕ್ಷೆ ಹಿಡಿದಿತ್ತು ಎಂದು ಬರೆಯಿರಿ.