ಗೃಹಸ್ಥರ ಪುಟ: ಊರಿಗೆ ಮರಳುವ ಪ್ರಯಾಣ

ಪರದೇಶಕ್ಕೆ ಹೊರಟವರಿಗೆ ನಾವು ಮಾಡಿಕೊಡುವ ಸಿದ್ಧತೆಗೆ ಮಿತಿಯೆಂಬುದಿಲ್ಲ. ಚಟ್ನಿಪುಡಿ, ಹಪ್ಪಳ, ಉಣ್ಣೆಯ ಶಾಲು, ವೈದ್ಯರ ಚೀಟಿ, ಹತ್ತು ಜನರ ಹತ್ತು ಬುದ್ಧಿವಾದ! ಮರಳಿ ಬರುವವರ ವಿಷಯದಲ್ಲಾದರೋ, ಮನೆಗೇ ಬರುವುದಲ್ಲವೇ ಎಂದು ಸುಮ್ಮನಾಗುತ್ತೇವೆ. ಈ ಉದಾಸೀನವು ಎಷ್ಟು ಅಪಾಯಕರವೆಂಬುದು ನಮಗೆ ನಮ್ಮ ಮನೆಯಲ್ಲಿಯೇ ತಿಳಿದುಬಂದಿತು.

ನಮ್ಮ ಹಿರಿಯಕ್ಕನವರಿಗೆ ೬೮ ವರ್ಷ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದವರು ಕಳೆದ ವರ್ಷ ಶ್ರಾವಣದಲ್ಲಿ ಒಬ್ಬರೇ ಧಾರವಾಡಕ್ಕೆ ಹಿಂದಿರುಗಿದರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಫ್ರಾಂಕ್‌ಫರ್ಟಿಗೆ ಸುಮಾರು ೧೧ ಗಂಟೆ. ಅಲ್ಲಿ ೪ ಗಂಟೆ ಕಾದು ಬೆಂಗಳೂರಿಗೆ ಮತ್ತೆ ೯ ಗಂಟೆ. ನಡುರಾತ್ರಿ ಬೆಂಗಳೂರಿನಲ್ಲಿಳಿದು, ಪೆಟ್ಟಿಗೆಗಳನ್ನು ತಾವೇ ಪಡೆದು, ಕಸ್ಟಮ್ಸ್ ತಪಾಸಣೆ ಮುಗಿಸಿ, ಪುನಃ ಅವನ್ನು ಹುಬ್ಬಳ್ಳಿಯ ವಿಮಾನಕ್ಕೆ ಒಪ್ಪಿಸಬೇಕಾಯಿತು. ಬೆಳಗಿನವರೆಗೆ ಕುರ್ಚಿಯಲ್ಲಿಯೇ ತೂಕಡಿಸಿ ಮೂರನೆಯ ವಿಮಾನವನ್ನೇರಿದರು. ಎಚ್ಚರವಿಲ್ಲದೆ ನಿದ್ರಿಸಿದರೆ ಕರೆಯು ಕೇಳಿಸದೆಂಬ ಭಯ. ಎದ್ದು ತಿರುಗಾಡಿದರೆ ಕೈಚೀಲಕ್ಕೆ ಕಾವಲಿಲ್ಲವೆಂಬ ಚಿಂತೆ.

ಮನೆಗೆ ಬಂದ ದಿನದಿಂದಲೇ ನೆಂಟರಿಷ್ಟರ ಸಂದಣಿ. ಅಕ್ಕನವರು ಎಲ್ಲರಿಗೂ ಮೊಮ್ಮಗನ ಸುದ್ದಿ ಹೇಳಿದರು, ಚಹಾ ಮಾಡಿಕೊಟ್ಟರು. ರಾತ್ರಿ ಎರಡು ಗಂಟೆಗೆ ಎದ್ದು ಅಡಿಗೆಮನೆಯ ಡಬ್ಬಿಗಳನ್ನು ತೊಳೆಯುವರು. ಮಧ್ಯಾಹ್ನ ಎಲೆಯ ಮುಂದೆಯೇ ಕಣ್ಣು ಮುಚ್ಚುವರು. ವಯಸ್ಸಾಯಿತು, ಬುದ್ಧಿ ಮಂಕಾಗುತ್ತಿದೆಯೆಂದು ಹುಡುಗರು ಪಿಸುಗುಟ್ಟಿದರು. ಆರನೆಯ ದಿನ ಎಡಗಾಲಿನ ಮೀನಖಂಡವು ಬಾತಿತು. ನಾನು ಕೇಳಿದುದಕ್ಕೆ, “ಏನಿಲ್ಲೋ ತಮ್ಮಾ, ಕೂತು ಕೂತು ಕಾಲು ಹಿಡದಾವ” ಎಂದರು. ನಾವೂ ಎಣ್ಣೆ ತಿಕ್ಕಿಸಿ ಸಮಾಧಾನಪಟ್ಟೆವು. ಎಂಟನೆಯ ದಿನ ಮಾಳಿಗೆಯ ಮೆಟ್ಟಿಲಲ್ಲಿ ಉಸಿರು ಕಟ್ಟಿ ಕುಳಿತುಬಿಟ್ಟರು. ಕಾಲಿನ ಒಳನರದಲ್ಲಿ ರಕ್ತವು ಹೆಪ್ಪುಗಟ್ಟಿ, ಅದರ ತುಣುಕೊಂದು ಪುಪ್ಪುಸಕ್ಕೆ ಏರಿದೆಯೆಂದು ಆಸ್ಪತ್ರೆಯಲ್ಲಿ ತಿಳಿಯಿತು. ದೈವಕೃಪೆಯಿಂದಲೂ ವೈದ್ಯರ ಚಾತುರ್ಯದಿಂದಲೂ ಅಕ್ಕನವರು ಉಳಿದರು. ನಾವು ತಿಕ್ಕಿಸಿದ ಎಣ್ಣೆಯ ನೆನಪು ಮಾತ್ರ ಈಗಲೂ ನನ್ನನ್ನು ಚುಚ್ಚುತ್ತಿದೆ. ಬಾತ ಕಾಲನ್ನು ಹಾಗೆ ತಿಕ್ಕಬಾರದೆಂಬುದು ನಮಗೆ ಗೊತ್ತಿರಲಿಲ್ಲ.

ಇದರ ಕಾರಣವು ಸರಳವಾದುದು. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಹೃದಯದೆಡೆಗೆ ಒತ್ತುತ್ತವೆ. ಇಕ್ಕಟ್ಟಿನ ಆಸನದಲ್ಲಿ ಗಂಟೆಗಟ್ಟಲೆ ಅಲುಗದೆ ಕುಳಿತರೆ ಆ ಕೆಲಸವು ನಿಲ್ಲುತ್ತದೆ. ೨೦೦೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ವರದಿಯಂತೆ, ೪ ಗಂಟೆಗೆ ಮೀರಿದ ಪ್ರಯಾಣದಿಂದ ಈ ವ್ಯಾಧಿಯ ಸಂಭವವು ಸುಮಾರು ಇಮ್ಮಡಿಯಾಗುತ್ತದೆ. ಆದರೂ ಆರೋಗ್ಯವಂತರಲ್ಲಿ ಅದು ೬,೦೦೦ ಮಂದಿಗೆ ಒಬ್ಬರಷ್ಟೇ. ಆದುದರಿಂದ ಭಯವು ಬೇಡ, ಎಚ್ಚರವು ಬೇಕು. ಸ್ವಲ್ಪ ಕಾಲದಲ್ಲಿ ಹಲವು ವಿಮಾನಗಳನ್ನೇರಿದವರಿಗೆ ಅಪಾಯವು ಹೆಚ್ಚು. ಮೇಲಾಗಿ, ಇಳಿದ ಮೇಲೂ ಅದು ಸುಮಾರು ೪ ವಾರ ಉಳಿದಿರುತ್ತದೆ.

ಇನ್ನು ನಿದ್ರೆಯ ಮಾತು. ಹಿಂದೆ ಹಡಗಿನಲ್ಲಿ ಲಂಡನ್ನಿನಿಂದ ಮುಂಬಯಿಗೆ ಬರುತ್ತಿದ್ದವರಿಗೆ ಎರಡು ಮೂರು ವಾರಗಳು ಹಿಡಿಯುತ್ತಿದ್ದವು. ಗಡಿಯಾರವು ದಿನಕ್ಕಿಷ್ಟಿಷ್ಟೇ ಸರಿಯುತ್ತಿದ್ದುದರಿಂದ ದೇಹಕ್ಕೆ ಅದು ಅರಿವಾಗುತ್ತಲೇ ಇರಲಿಲ್ಲ. ಕ್ಯಾಲಿಫೋರ್ನಿಯದ ಬೇಸಗೆಯ ಕಾಲಕ್ಕೂ ನಮ್ಮ ಕಾಲಕ್ಕೂ ಹನ್ನೆರಡೂವರೆ ಗಂಟೆಗಳ ಅಂತರ. ಅಲ್ಲಿಯ ಹಗಲು ಇಲ್ಲಿಯ ಇರುಳು. ದೇಹದೊಳಗಿನ ಗಡಿಯಾರವು ದಿನವೊಂದಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳಬಲ್ಲುದು. ಅಕ್ಕನವರ ಬುದ್ಧಿಯು ಮಂಕಾಗಿರಲಿಲ್ಲ; ಅವರ ದೇಹವಿನ್ನೂ ಊರಿಗೆ ಬಂದು ಮುಟ್ಟಿರಲಿಲ್ಲ, ಅಷ್ಟೇ.

ಆದುದರಿಂದ ಹಿರಿಯರನ್ನು ಕರೆಯಿಸಿಕೊಳ್ಳುವ ಗೃಹಸ್ಥರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಸಾಧ್ಯವಿದ್ದರೆ ವಿಮಾನಗಳ ಸಂಖ್ಯೆಯನ್ನು ತಗ್ಗಿಸಿರಿ. ಇಲ್ಲವೇ ಬೆಂಗಳೂರಿನಲ್ಲಿ ಒಂದು ದಿನ ತಂಗುವ ಏರ್ಪಾಡು ಮಾಡಿರಿ. ಓಣಿಯ ಪಕ್ಕದ ಆಸನವನ್ನೂ ಗಾಲಿಕುರ್ಚಿಯನ್ನೂ ಮುಂಗಡವಾಗಿ ಕೇಳಿಕೊಳ್ಳಿರಿ. ನಿತ್ಯದ ಔಷಧಿಗಳು ಕೈಚೀಲದಲ್ಲಿಯೇ ಇರಲಿ. ಇನ್ಸುಲಿನ್ನನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಹಗಲಿರುಳು ಬದಲಾಗುವಾಗ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ವಿಚಾರಿಸಿರಿ. ವಿಮಾನದಲ್ಲಿ ನಿದ್ರೆಯ ಗುಳಿಗೆ ನುಂಗಿ ಅಲುಗದೆ ಮಲಗುವುದು ಸಲ್ಲದು. ಆಗಾಗ ನೀರು ಕುಡಿದು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಕುಳಿತಲ್ಲಿಯೇ ಹಿಮ್ಮಡಿಗಳನ್ನು ಎತ್ತಿ ಇಳಿಸುತ್ತಿರಬೇಕು.

ಬಂದ ಮೇಲೆ ಒಂದು ವಾರ ನೆಂಟರನ್ನು ಬಾಗಿಲಲ್ಲಿಯೇ ವಿನಯದಿಂದ ತಡೆಯಿರಿ. ಹಗಲು ಬೆಳಕಿನಲ್ಲಿ ಸ್ವಲ್ಪ ಅಡ್ಡಾಡಿಸಿರಿ. ಒಂದೇ ಕಾಲು ಬಾತು ನೋವಾದರೆ ತಿಕ್ಕದೆ ಅಂದೇ ವೈದ್ಯರಿಗೆ ತೋರಿಸಿರಿ. ಉಸಿರು ಕಟ್ಟಿದರೆ, ಎದೆ ನೊಂದರೆ, ಕ್ಷಣವೂ ತಡೆಯಲಾಗದು. ಪ್ರಯಾಣದ ಸಂಗತಿಯನ್ನು ವೈದ್ಯರಿಗೆ ಹೇಳಲು ಮರೆಯದಿರಿ.

ಪೆಟ್ಟಿಗೆಯು ಹೊಸ್ತಿಲು ದಾಟಿದೊಡನೆ ಪ್ರಯಾಣವು ಮುಗಿಯಿತೆಂದು ತಿಳಿಯಬಾರದು. ನಮಗಾಗಿ ಕಡಲಾಚೆ ದುಡಿದು ಬಂದ ಹಿರಿಯರಿಗೆ ನಾಲ್ಕು ವಾರಗಳ ಲಕ್ಷ್ಯವನ್ನು ಕೊಡುವುದು ದೊಡ್ಡ ಉಪಚಾರವೇನಲ್ಲ. ಅದು ಮನೆಯವರ ಧರ್ಮ.