ಘೋಷಣೆ ಲಕ್ಷ ಕೋಟಿ, ಫೆಲೋಶಿಪ್ ಬಾಕಿ

ಇನ್‌ಸ್ಪೈರ್‌ನಂಥ ಪ್ರತಿಷ್ಠಿತ ಫೆಲೋಶಿಪ್ ಗೆದ್ದವರೂ ತಿಂಗಳುಗಟ್ಟಲೆ ಹಣಕ್ಕಾಗಿ ಕಾದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. 2023ರ ಜನವರಿಯಿಂದ ಅನ್ವಯವಾಗುವಂತೆ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಮೊತ್ತ ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೆ ಏರಿತು. ಒಳ್ಳೆಯದೇ. ಆದರೆ ಹಾಸ್ಟೆಲ್ ಬಿಲ್ಲು, ಮನೆ ಬಾಡಿಗೆ ತಿಂಗಳು ತಪ್ಪದೆ ಬರುತ್ತವೆ. ಫೆಲೋಶಿಪ್ ಮಾತ್ರ ತಪ್ಪುತ್ತದೆ. ಮನೆಗೆ ಆಸರೆಯಾಗಬೇಕಾದ ವಯಸ್ಸಿನಲ್ಲಿ ಮಗಳು ಅಪ್ಪನಿಗೆ ಫೋನ್ ಮಾಡಿ ದುಡ್ಡು ಕೇಳಬೇಕಾಗುತ್ತದೆ.

ತಡವಾದ ಹಣ ಕೆಲಸವನ್ನೂ ಕೆಡಿಸುತ್ತದೆ. ಪಶ್ಚಿಮ ಘಟ್ಟದ ಕಪ್ಪೆಗಳನ್ನು ಅಧ್ಯಯನ ಮಾಡುವವರು ಮಳೆಗಾಲದಲ್ಲೇ ಕಾಡಿಗಿಳಿಯಬೇಕು. ಅನುದಾನದ ಕಂತು ಡಿಸೆಂಬರ್‌ನಲ್ಲಿ ಬಂದರೆ ಆ ವರ್ಷದ ಮಳೆ ತಿರುಗಿ ಬರುವುದಿಲ್ಲ. ತಡವಾಗಿ ಬಂದ ಹಣವನ್ನೂ ಮಾರ್ಚ್ 31ರೊಳಗೆ ಮುಗಿಸಿ ಲೆಕ್ಕ ಒಪ್ಪಿಸಬೇಕು!

ಕೇಂದ್ರ ಸರ್ಕಾರ ದೊಡ್ಡ ಮೊತ್ತಗಳನ್ನು ತೋರಿಸುತ್ತದೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಎಂದರು. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ. ಉಳಿದದ್ದು ಬಹುಪಾಲು ಉದ್ಯಮಗಳಿಂದ, ದಾನಿಗಳಿಂದ ಬರಬೇಕು. 2025ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿಯ ಸಂಶೋಧನಾ ಯೋಜನೆ ಮುಖ್ಯವಾಗಿ ಖಾಸಗಿ ವಲಯಕ್ಕೆ ಅಗ್ಗದ ಸಾಲ, ಬಂಡವಾಳ ಒದಗಿಸುವಂಥದ್ದು. ಉದ್ಯಮಕ್ಕೆ ನೆರವು ಬೇಡವೆಂದಲ್ಲ. ಆದರೆ ಲಾಭದ ಲೆಕ್ಕ ಹಾಕುವವರು ಘಟ್ಟದ ಕಪ್ಪೆಗೋ ಸಂಖ್ಯಾ ಸಿದ್ಧಾಂತದ ಪ್ರಮೇಯಕ್ಕೋ ಏಕೆ ದುಡ್ಡು ಸುರಿಯುತ್ತಾರೆ? ಅದು ಸಾರ್ವಜನಿಕ ಬೊಕ್ಕಸದ ಹೊಣೆ. ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟನ್ನು ಸಂಶೋಧನೆಗೆ ಕೊಡುವ ದೇಶ, ಶೇ 2ಕ್ಕೂ ಹೆಚ್ಚು ಕೊಡುವ ಚೀನಾದ ಜೊತೆ ಘೋಷಣೆಗಳಿಂದ ಪೈಪೋಟಿ ನಡೆಸಲಾರದು.

ಹೆಚ್ಚು ಪೆಟ್ಟು ಬೀಳುವುದು ರಾಜ್ಯ ವಿಶ್ವವಿದ್ಯಾಲಯಗಳಿಗೆ. ಬಹುಪಾಲು ವಿದ್ಯಾರ್ಥಿಗಳು ಓದುವುದು ಅಲ್ಲಿಯೇ. ಬೋಧಕರ ಹುದ್ದೆ ಖಾಲಿ, ಪಿಂಚಣಿಗೇ ಪರದಾಟ. ಕೆಟ್ಟ ಉಪಕರಣ ರಿಪೇರಿ ಮಾಡಿಸುವ ಮಾತು ಕೊನೆಗೆ. ಇಲ್ಲಿ ಕೇಂದ್ರದಷ್ಟೇ ರಾಜ್ಯವೂ ಉತ್ತರ ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಗೆ 371 ಎಕರೆ ಭೂಮಿ ಕೊಟ್ಟ ಮೈಸೂರು ಸಂಸ್ಥಾನ ವಾರ್ಷಿಕ ಅನುದಾನವನ್ನೂ ಕೊಟ್ಟಿತು. ನೆಲ ಕೊಟ್ಟರಷ್ಟೇ ಸಾಲದು, ನಡೆಸುವುದಕ್ಕೂ ಹಣ ಬೇಕು ಎಂಬ ಅರಿವು ಅಂದಿನವರಿಗಿತ್ತು.

ಕೇಳುತ್ತಿರುವುದು ಅಸಾಧ್ಯವಾದುದನ್ನಲ್ಲ. ಅಧಿಕಾರಿಯ ಸಂಬಳದಂತೆ ಫೆಲೋಶಿಪ್ಪೂ ಪ್ರತಿ ತಿಂಗಳು ಖಾತೆಗೆ ಬೀಳಲಿ. ಮಂಜೂರಾದ ಯೋಜನೆಯ ಹಣ ಅದು ಮುಗಿಯುವವರೆಗೂ ಖಚಿತವಾಗಿರಲಿ. ಹೊಸ ಘೋಷಣೆಗೆ ಮೊದಲು ಹಳೆಯ ಬಾಕಿ ತೀರಿಸಿ.