ಬೆಕ್ಕನ್ನು ಬೀದಿಗೆ ಬಿಡುವ ಮುನ್ನ



ರಜೆಗೆ ಊರಿಗೆ ಹೊರಡುವ ದಿನಗಳು ಬಂದವೆಂದರೆ ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್ ಕಡೆಯ ಕಟ್ಟಡಗಳ ಕೆಳಗೆ ಹೊಸ ಬೆಕ್ಕುಗಳು ಕಾಣಿಸಿಕೊಳ್ಳುತ್ತವೆ. ಮನೆಯಲ್ಲಿ ಬೆಳೆದವೆಂದು ನೋಡಿದರೇ ಗೊತ್ತಾಗುತ್ತದೆ. ನಮ್ಮನ್ನು ಕಂಡು ಓಡುವುದಿಲ್ಲ, ಕಾಲಿಗೆ ಮೈ ಉಜ್ಜುತ್ತವೆ. ಯಾಕೆ ಬಿಟ್ಟಿರೆಂದು ಕೇಳಿದರೆ ಒಂದೇ ಉತ್ತರ: "ಉಚ್ಚೆ ವಾಸನೆ ತಡೆಯೋಕಾಗಲಿಲ್ಲ ಕಣ್ರೀ."

ಒಪ್ಪುತ್ತೇನೆ. ಊರಲ್ಲಾದರೆ ಬೆಕ್ಕಿಗೆ ಹಿತ್ತಲಿತ್ತು, ಕೆದಕಿ ಮುಚ್ಚಲು ಮಣ್ಣಿತ್ತು. ಇಲ್ಲಿ ಕಿಟಕಿ ಮುಚ್ಚಿದ ಫ್ಲಾಟು, ಹಗಲೂ ರಾತ್ರಿ ಎ.ಸಿ., ನೆಲದ ತುಂಬ ಕಾರ್ಪೆಟ್. ಆದರೆ ವಾಸನೆ ಹೋಗದಿರುವುದಕ್ಕೆ ಅರ್ಧ ಕಾರಣ ನಾವು ತೊಳೆಯುವ ರೀತಿ.

ಉಚ್ಚೆಯಲ್ಲಿರುವ ಯೂರಿಕ್ ಆಮ್ಲದ ಹರಳುಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅದಕ್ಕೇ ಒಣಗಿದಾಗ ಹೋದಂತಿದ್ದ ನಾತ ಆಗಸ್ಟ್-ಸೆಪ್ಟೆಂಬರ್‌ನ ತೇವದ ಗಾಳಿಗೆ ಮತ್ತೆ ಏಳುತ್ತದೆ. ಬ್ಲೀಚ್ ಸುರಿಯುವುದಂತೂ ಅಪಾಯ. ಉಚ್ಚೆಯ ಅಮೋನಿಯಾದೊಂದಿಗೆ ಸೇರಿದರೆ ಕ್ಲೋರಮಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಮುಚ್ಚಿದ ಮನೆಯಲ್ಲಿ ಮಕ್ಕಳಿದ್ದಾರೆ, ನೆನಪಿರಲಿ. ಅಮೋನಿಯಾ ಇರುವ ಕ್ಲೀನರ್ ಬಳಸಿದರೆ ಬೆಕ್ಕು ಅಲ್ಲಿಗೇ ಮತ್ತೆ ಬರಬಹುದು.

ಹಾಗಾದರೆ ಏನು ಮಾಡಬೇಕು? ಹಸಿ ಇರುವಾಗಲೇ ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಹೀರಿಸಿ, ತಿಕ್ಕಬೇಡಿ. ಅರ್ಧ ವಿನೆಗರ್, ಅರ್ಧ ನೀರು ಹಾಕಿ ಒರೆಸಿ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಅಮೃತಶಿಲೆಗೆ ಮಾತ್ರ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಹಳೆಯ ಕಲೆಗೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ದ್ರಾವಣವೇ ಮದ್ದು. ಅದು ಆ ಹರಳನ್ನೇ ಒಡೆಯುತ್ತದೆ. ಹಾಕಿದ ಕೂಡಲೇ ಒರೆಸದೆ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ.

ಇನ್ನೊಂದು ಮಾತು. ಮರಳಿನ ತಟ್ಟೆ ಬಿಟ್ಟು ಬೇರೆಡೆ ಉಚ್ಚೆ ಹೊಯ್ಯುವುದು ಹಟವೇ ಆಗಿರಬೇಕಿಲ್ಲ. ತಟ್ಟೆ ಕೊಳಕಾಗಿರಬಹುದು, ಇಲ್ಲವೇ ಮೂತ್ರದ ಕಾಯಿಲೆ ಇರಬಹುದು. ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬರದಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಿ. ತಡವಾದರೆ ಜೀವಕ್ಕೇ ಅಪಾಯ.

2016ರ ಜುಲೈ 21ರಂದು ಇದೇ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಬಿಸಿಲು ದಾಖಲಾಯಿತು. ಎ.ಸಿ. ತಂಪಿನಲ್ಲಿ ಬೆಳೆದ ಜೀವವನ್ನು ಇಂಥ ಬಿಸಿಲಿಗೆ ನೂಕಿ ನಾವು ವಿಮಾನ ಹತ್ತುವುದು ನ್ಯಾಯವೇ? ಮಕ್ಕಳು ನಮ್ಮನ್ನು ನೋಡಿ ಕಲಿಯುತ್ತಾರೆ. ರಜೆಯಲ್ಲಿ ಪಕ್ಕದ ಮನೆಯವರ ಬೆಕ್ಕನ್ನು ನಾವು, ನಮ್ಮದನ್ನು ಅವರು ನೋಡಿಕೊಂಡರಾಯಿತು.

ಕಾರ್ಪೆಟ್ ತೊಳೆಯಬಹುದು. ಬೀದಿಗೆ ಬಿಟ್ಟ ಬೆಕ್ಕು ನಾವು ಮರಳುವಾಗ ಇರುತ್ತದೆಯೇ? ಏನಂತೀರಿ?